ಕುರುಕಲು ತಿಂಡಿಯ ಮಿತ ಸೇವನೆ ಹಾಗೂ ನಾಲ್ಕನೆಯ ಮಹಡಿ ಹತ್ತುವ ಕುರಿತು

ಕಥಾ ಸಂಗ್ರಹ ಶಾಖೆ
(ನೆಲಮಹಡಿ, ಬಲಗಡೆಯ ಕೊನೆಯ ಕೋಣೆ)

ಸುತ್ತೋಲೆ ಸಂಖ್ಯೆ: ಕಸಂಶಾ/ತೂಕ/02/ಪರಿಷ್ಕೃತ
ದಿನಾಂಕ: ಗುರುವಾರ, ಬೆಳಗಿನ ಉಪಾಹಾರದ ತರುವಾಯ

ವಿಷಯ: ಶಾಖೆಯ ಹಿರಿಯ ಸಂಗ್ರಾಹಕರು ಕುರುಕಲು ತಿಂಡಿಯನ್ನು ಪೂರ್ತಿ ಬಿಡದೆಯೂ ಪೂರ್ತಿ ತಿಂದು ಮುಗಿಸದೆಯೂ ತೂಕ ಇಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಇದೇ ಶಾಖೆಯ ಸುತ್ತೋಲೆ ಸಂಖ್ಯೆ 01 (ಸಂಪೂರ್ಣ ನಿಷೇಧ). ಹದಿನೇಳನೆಯ ದಿನ ತಾನಾಗಿಯೇ ಬಿದ್ದುಹೋದದ್ದು.
2. ವೈದ್ಯರ ಚೀಟಿ. ಅಕ್ಷರಗಳನ್ನು ಓದಲಾಗಿಲ್ಲ, ಅಂಕಿಗಳು ದುರದೃಷ್ಟವಶಾತ್ ಸ್ಪಷ್ಟವಾಗಿವೆ.
3. ಹಿರಿಯ ಸಂಗ್ರಾಹಕರ ಪತ್ನಿಯವರ ಮೌಖಿಕ ಆಕ್ಷೇಪಣೆಗಳು, ಕಂತು ಒಂದರಿಂದ ಇಪ್ಪತ್ತೆಂಟರವರೆಗೆ.

ಪ್ರಸ್ತಾವನೆ

ಜನರ ಬಾಯಲ್ಲಿ ಉಳಿದಿರುವ ಕಥೆಗಳನ್ನು ಅವರಿದ್ದಲ್ಲಿಗೇ ಹೋಗಿ ಕೇಳಿ, ಧ್ವನಿಮುದ್ರಿಸಿ, ಕೇಳಿದ್ದನ್ನು ಕೇಳಿದಂತೆಯೇ, ಕೆಮ್ಮಿದರೆ ಕೆಮ್ಮನ್ನೂ ಸೇರಿಸಿ, ಬರೆದಿಡುವುದು ಈ ಶಾಖೆಯ ಕರ್ತವ್ಯವಾಗಿರುತ್ತದೆ. ಈ ಕರ್ತವ್ಯಕ್ಕೆ ನಿಯೋಜಿತರಾದ ಹಿರಿಯ ಸಂಗ್ರಾಹಕರು ಎಂದರೆ ಈ ಸುತ್ತೋಲೆಗೆ ಕೆಳಗೆ ಸಹಿ ಹಾಕಿರುವವರೇ ಆಗಿರುತ್ತಾರೆ. ತಪ್ಪು ಮಾಡಿದವರೂ ಕ್ರಮ ಕೈಗೊಳ್ಳುವವರೂ ಒಬ್ಬರೇ ಆಗಿರುವುದರಿಂದ ಕಡತದ ಓಡಾಟ ಗಣನೀಯವಾಗಿ ತಗ್ಗಿರುತ್ತದೆ.

ಹಳೆಯ ವಸತಿ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ, ಎಂಬತ್ನಾಲ್ಕು ಮೆಟ್ಟಿಲುಗಳ ಮೇಲೆ, ಎಂಬತ್ತೊಂಬತ್ತು ವರ್ಷದ ಅಜ್ಜಿಯೊಬ್ಬರು ವಾಸವಾಗಿರುತ್ತಾರೆ. ಕಟ್ಟಡಕ್ಕೆ ಲಿಫ್ಟ್ ಇರುವುದಿಲ್ಲ. ಅಜ್ಜಿಯವರು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ ಮಾತ್ರ ಕಥೆ ಹೇಳುತ್ತಾರೆ. ಆಮೇಲೆ ಊಟ, ಊಟದ ಮೇಲೆ ನಿದ್ದೆ. ಹಿರಿಯ ಸಂಗ್ರಾಹಕರು ಹತ್ತೂವರೆಗೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಪ್ರತಿ ಮಹಡಿಯಲ್ಲೂ ಗೋಡೆಗೆ ಒರಗಿ, ಹನ್ನೊಂದು ದಾಟಿದ ಮೇಲೆ ಒಳಗೆ ಬಂದು ಕುಳಿತು, ಯಂತ್ರ ಚಾಲೂ ಮಾಡಿ, ಉಸಿರು ಹಿಡಿತಕ್ಕೆ ಬರಲೆಂದು ಚೀಲದಿಂದ ಚಿಪ್ಸ್ ಪೊಟ್ಟಣ ತೆಗೆಯುತ್ತಿದ್ದರು. ಹೀಗಾಗಿ 'ಬಾವಿಗಿಳಿದ ಕಿರಿಸೊಸೆ' ಎಂಬ ಕಥೆಯು, ಕಿರಿಸೊಸೆಯು ಬಾವಿಯ ತಳದಲ್ಲಿ ಮುಚ್ಚಿದ ಬಾಗಿಲೊಂದನ್ನು ಕಂಡು ತಟ್ಟಲೆಂದು ಕೈ ಎತ್ತಿದಲ್ಲಿಗೆ ನಿಂತುಹೋಯಿತು. ಗಂಟೆ ಹನ್ನೆರಡಾಗಿತ್ತು.

ಸದರಿ ಧ್ವನಿಮುದ್ರಿಕೆಯನ್ನು ಕೇಳಿ ಬರೆದವರು ಶಾಖೆಯಲ್ಲಿ ಎಲ್ಲರೂ 'ಬರವಣಿಗೆ ಅಕ್ಕ' ಎಂದು ಕರೆಯುವ ಸಿಬ್ಬಂದಿ. ಕೇಳಿದ್ದೊಂದನ್ನೂ ಬಿಡುವವರಲ್ಲ. ಆರಂಭದ ಹನ್ನೆರಡು ನಿಮಿಷಗಳಿಗೆ ಅವರು 'ಬಿರುಗಾಳಿ ಬೀಸುತ್ತದೆ' ಎಂದೂ, ಮುಂದಿನ ಭಾಗಕ್ಕೆ 'ರಾಕ್ಷಸನು ಮೂಳೆ ಕಡಿಯುತ್ತಾನೆ, ನಡುನಡುವೆ ಬೆರಳು ನೆಕ್ಕುತ್ತಾನೆ' ಎಂದೂ ದಾಖಲಿಸಿರುತ್ತಾರೆ. ಅಜ್ಜಿಯ ಕಥೆಯಲ್ಲಿ ರಾಕ್ಷಸನೇ ಇಲ್ಲ. ಆದರೂ 'ಬೆರಳು ನೆಕ್ಕುವ ರಾಕ್ಷಸ: ಅಪರೂಪದ ಪಾಠ, ಬೇರೆಲ್ಲೂ ದೊರೆತಿಲ್ಲ' ಎಂದು ಸೂಚಿಪತ್ರ ತಯಾರಾಗಿ, ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಅದನ್ನು ಮೆಚ್ಚಿಕೊಂಡು ಹೋದರು. ಹಿರಿಯ ಸಂಗ್ರಾಹಕರು ಮೂರು ವಾರ ಬಾಯಿ ಬಿಡಲಿಲ್ಲ. ತಿನ್ನುವುದಕ್ಕೆ ಬಿಟ್ಟದ್ದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅಷ್ಟರಲ್ಲಿ ಮೊಣಕಾಲು ಊದಿಕೊಂಡು, ವೈದ್ಯರು ತೂಗಿ ನೋಡಲಾಗಿ ತೊಂಬತ್ತೆರಡು ಕಿಲೋ ಬಂದಿತು. ಎಂಬತ್ತಾರಕ್ಕೆ ಇಳಿಯುವವರೆಗೆ ಮೆಟ್ಟಿಲು ಹತ್ತಕೂಡದೆಂದು ಬರೆದುಕೊಟ್ಟ ಮೇರೆಗೆ ಕ್ಷೇತ್ರಕಾರ್ಯದ ಅನುಮತಿಯನ್ನು ತಡೆಹಿಡಿಯಲಾಯಿತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಬಲ್ಲ ಕಿರಿಯ ಸಂಗ್ರಾಹಕರನ್ನು ಬದಲಿಗೆ ಕಳುಹಿಸಲಾಗಿ, ಅಜ್ಜಿಯವರು ಅವರಿಗೆ ನೀರು ಕೊಟ್ಟು ವಾಪಸು ಕಳಿಸಿದರು. ಹೇಳಿಕೆಯು ಯಥಾವತ್ತಾಗಿ ಹೀಗಿದೆ: "ಅರ್ಧ ಕಥೆ ಅವನ ಹತ್ರ ಇದೆಯಪ್ಪಾ. ಉಳಿದರ್ಧ ನಿನ್ಗೆ ಕೊಟ್ಟರೆ ಇಬ್ರ ಹತ್ರಾನೂ ಹರುಕೇ. ಅವನೇ ಬರ್ಲಿ." ಫೋನಿನಲ್ಲಿ ಹೇಳಬಹುದೇ ಎಂದು ಕೇಳಿದ್ದಕ್ಕೆ: "ಹೂಂಗುಟ್ಟೋರ ಮುಖ ಕಾಣ್ದೆ ನಾನು ಗೋಡೆಗೆ ಹೇಳ್ಲಾ?"

ಅಜ್ಜಿಯವರ ವಯಸ್ಸನ್ನೂ ಹಿರಿಯ ಸಂಗ್ರಾಹಕರ ತೂಕ ಇಳಿಯುವ ವೇಗವನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಲಾಗಿ, ಶಾಖೆಗೆ ತೀವ್ರ ಆತಂಕವುಂಟಾಗಿರುತ್ತದೆ. ಆದ್ದರಿಂದ ಕಳೆದ ಹದಿನಾರು ವಾರಗಳಿಂದ ಪ್ರಾಯೋಗಿಕವಾಗಿ ಪಾಲಿಸಲಾಗುತ್ತಿದ್ದ ಕೆಳಕಂಡ ನಿಯಮಗಳನ್ನು ಈ ಮೂಲಕ ಅಧಿಕೃತಗೊಳಿಸಲಾಗಿದೆ.

ಸೂಚನೆಗಳು

1. 'ಕುರುಕಲು ತಿಂಡಿ' ಎಂದರೆ ಚಿಪ್ಸ್, ಕ್ರೀಮ್ ಬಿಸ್ಕತ್ತು, ಕೇಕು, ಐಸ್‌ಕ್ರೀಮ್ ಹಾಗೂ ಪೊಟ್ಟಣ ಹರಿಯುವಾಗ ಪಕ್ಕದ ಕೋಣೆಯವರು ತಲೆ ಎತ್ತಿ ನೋಡುವಂಥ ಇತರ ಯಾವುದೇ ಪದಾರ್ಥ. ಸದ್ದಾಗದಂತೆ ಕತ್ತರಿಯಿಂದ ಕತ್ತರಿಸಿದ ಮಾತ್ರಕ್ಕೆ ಅದು ಹಣ್ಣು ಎನಿಸಿಕೊಳ್ಳುವುದಿಲ್ಲ.

2. ಸಂಪೂರ್ಣ ನಿಷೇಧದ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಅದು ಜಾರಿಯಲ್ಲಿದ್ದ ಹದಿನಾರು ದಿನಗಳಲ್ಲಿ ಎರಡು ಕಿಲೋ ಇಳಿದದ್ದು ನಿಜ. ಮುಂದಿನ ಒಂದೇ ವಾರದಲ್ಲಿ ಎರಡೂವರೆ ಕಿಲೋ ಏರಿದ್ದೂ ನಿಜ. ಈ ಬಗ್ಗೆ ಪತ್ನಿಯವರ ಹೇಳಿಕೆ: "ಹದಿನಾರು ದಿನ ಸನ್ಯಾಸಿ ಥರ ಇದ್ರು, ನಾನೂ ನಂಬಿದೆ. ಹದಿನೇಳನೇ ದಿನ ಬಿಸ್ಕತ್ತಿನ ಡಬ್ಬಿ ಎಷ್ಟು ಚೊಕ್ಕ ಮಾಡಿಟ್ಟಿದ್ರು ಅಂದ್ರೆ ತೊಳೆಯೋ ಕೆಲಸಾನೇ ಉಳೀಲಿಲ್ಲ." ವೈದ್ಯರ ಹೇಳಿಕೆ: "ಪೂರ್ತಿ ಬಿಡಿ ಅಂತ ನಾನ್ಯಾವಾಗ ಹೇಳ್ದೆ? ಕಡಿಮೆ ಮಾಡಿ ಅಂದೆ. ನಿಮ್ಗೆ ಗೊತ್ತಿರೋದು ಎರಡೇ ನೋಡಿ, ಒಂದೋ ಉಪವಾಸ, ಇಲ್ಲಾ ಔತಣ."

3. ಇನ್ನು ಮುಂದೆ ಮಂಗಳವಾರ ಮತ್ತು ಶನಿವಾರ, ಸಂಜೆ ನಾಲ್ಕಕ್ಕೆ, ಒಂದು ಹಿಡಿಯಷ್ಟು ಕುರುಕಲು ತಿಂಡಿ ಸೇವಿಸಲು ಅನುಮತಿಸಲಾಗಿದೆ. ಉಳಿದ ಹೊತ್ತಿನಲ್ಲಿ ಮನೆಯ ಊಟವನ್ನೇ, ತರಕಾರಿಯನ್ನು ತಟ್ಟೆಯಂಚಿಗೆ ತಳ್ಳದೆ, ಎರಡನೆಯ ಸಲ ಬಡಿಸಿಕೊಳ್ಳದೆ ಉಣ್ಣತಕ್ಕದ್ದು.

4. 'ಹಿಡಿ' ಎಂದರೆ ಯಾರ ಹಿಡಿ ಎಂಬ ವಿವಾದವು ಮೊದಲ ಮಂಗಳವಾರವೇ ತಲೆದೋರಿರುತ್ತದೆ. ಹಿರಿಯ ಸಂಗ್ರಾಹಕರ ಹಿಡಿಯಲ್ಲಿ ಪೊಟ್ಟಣದ ಮುಕ್ಕಾಲು ಪಾಲು ಹಿಡಿಸಿದ್ದರಿಂದ, ಪತ್ನಿಯವರ ಮುಷ್ಟಿಯನ್ನು ಪ್ರಮಾಣಿತ ಅಳತೆಯೆಂದು ನಿಗದಿಪಡಿಸಿ, ಅದರ ನಕ್ಷೆಯನ್ನು ಪೆನ್ಸಿಲಿನಿಂದ ಬರೆದುಕೊಂಡು ಕಡತಕ್ಕೆ ಲಗತ್ತಿಸಲಾಗಿದೆ. ನಕ್ಷೆ ಬರೆಯುವಾಗ ಬೆರಳು ಸ್ವಲ್ಪ ಅಗಲಿಸಿ ಹಿಡಿಯಬೇಕೆಂದು ಪತ್ನಿಯವರಿಗೆ ಮಾಡಿದ ಮನವಿ ತಿರಸ್ಕೃತವಾಗಿರುತ್ತದೆ.

5. ತಿಂಡಿಯನ್ನು ಬಟ್ಟಲಿಗೆ ಹಾಕಿಕೊಂಡೇ ತಿನ್ನತಕ್ಕದ್ದು. ಪೊಟ್ಟಣದೊಳಕ್ಕೆ ಕೈ ಹಾಕತಕ್ಕದ್ದಲ್ಲ. ಉಳಿದ ಪೊಟ್ಟಣವನ್ನು ಧ್ವನಿಮುದ್ರಿಕೆಗಳ ಬೀರುವಿನಲ್ಲಿಟ್ಟು ಕೀಲಿಕೈಯನ್ನು ಬರವಣಿಗೆ ಅಕ್ಕನವರಿಗೆ ಒಪ್ಪಿಸತಕ್ಕದ್ದು. ಬೇಕಾದಾಗ ಚೀಟಿ ಬರೆದು ಪಡೆಯಬಹುದು. ಚೀಟಿಯಲ್ಲಿ, ಕಥೆಗೆ ಬರೆಯುವಂತೆಯೇ, ಕೊಟ್ಟವರು ಯಾರು, ಸಂದರ್ಭ ಯಾವುದು, ಪೂರ್ಣವೋ ತ್ರುಟಿತವೋ ಎಂಬ ವಿವರಗಳಿರತಕ್ಕದ್ದು. ತುಂಡಾದ ಚಿಪ್ಸುಗಳನ್ನು 'ತ್ರುಟಿತ' ವಿಭಾಗಕ್ಕೆ ಸೇರಿಸಿ ಎಣಿಕೆಯಿಂದ ಬಿಡಿಸುವ ಉದ್ದೇಶಕ್ಕಾಗಿ ಪೊಟ್ಟಣವನ್ನು ಮೇಜಿಗೆ ಬಡಿಯುವುದು ಕಂಡುಬಂದಿದ್ದು, ಈ ಪದ್ಧತಿಯನ್ನು ಕೂಡಲೇ ನಿಲ್ಲಿಸಲು ಸೂಚಿಸಲಾಗಿದೆ.

6. ನೆಪಗಳ ಬಗ್ಗೆ: ಹದಿನಾರು ವಾರಗಳಲ್ಲಿ ಹಿರಿಯ ಸಂಗ್ರಾಹಕರ ಬಾಯಿಂದಲೇ ನಲವತ್ತಮೂರು ನೆಪಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಅವೆಲ್ಲವೂ ನಾಲ್ಕೇ ಮೂಲ ಮಾದರಿಗಳ ರೂಪಾಂತರಗಳೆಂದು ನಿರ್ಣಯಿಸಲಾಗಿದೆ:

ಮಾದರಿ ಒಂದು: "ಮಕ್ಕಳಿಗೇಂತ ತಂದಿದ್ದು." (ಮನೆಯಲ್ಲಿರುವ ಒಬ್ಬಳೇ ಮಗಳಿಗೆ ಇಪ್ಪತ್ತಾರು ವರ್ಷ. ಆಕೆ ಚಿಪ್ಸ್ ತಿನ್ನುವುದಿಲ್ಲ.)
ಮಾದರಿ ಎರಡು: "ಇಟ್ಟರೆ ಮೆತ್ತಗಾಗ್ಬಿಡುತ್ತೆ ಅಂತ ಮುಗಿಸ್ದೆ."
ಮಾದರಿ ಮೂರು: "ಇದು ಡಯಟ್ ಬಿಸ್ಕತ್ತು ಕಣೇ, ಮೇಲೇ ಬರ್ದಿದೆ ನೋಡು."
ಮಾದರಿ ನಾಲ್ಕು: "ಸೋಮವಾರದಿಂದ."

ಇನ್ನು ಮುಂದೆ ನೆಪವನ್ನು ವಿವರವಾಗಿ ಹೇಳಿ ಮನೆಯವರ ಸಮಯ ವ್ಯರ್ಥ ಮಾಡದೆ, ಮಾದರಿಯ ಸಂಖ್ಯೆಯನ್ನು ಮಾತ್ರ ಹೇಳತಕ್ಕದ್ದು. ಉದಾಹರಣೆಗೆ, ಬಾಯಿ ಒರೆಸಿಕೊಳ್ಳುತ್ತಾ "ಎರಡು ಮತ್ತು ನಾಲ್ಕು" ಎಂದರೆ ಸಾಕಾಗುತ್ತದೆ. ಐದನೆಯ ಮಾದರಿಯೊಂದು ಇದೆಯೆಂದು ವಾದಿಸುವವರು ಅದನ್ನು ಪರಸ್ಪರ ಪರಿಚಯವಿಲ್ಲದ ಮೂವರ ಬಾಯಿಂದ ಸಂಗ್ರಹಿಸಿ ಹಾಜರುಪಡಿಸತಕ್ಕದ್ದು.

7. ಮಧ್ಯಾಹ್ನದ ಊಟದ ನಂತರ ಶಾಖೆಯ ಕಟ್ಟಡದ ಸುತ್ತ ನಾಲ್ಕು ಸುತ್ತು ನಡೆಯತಕ್ಕದ್ದು. ದಾರಿಯಲ್ಲಿ ಬೇಕರಿ ಇರುವುದರಿಂದ, ಅಲ್ಲಿಗೆ ಬಂದಾಗ ಎದುರಿನ ಅಂಚೆಪೆಟ್ಟಿಗೆಯ ಕಡೆ ಮುಖ ತಿರುಗಿಸಿಕೊಂಡು ಸಾಗತಕ್ಕದ್ದು. ಬೇಕರಿಯವರು ನೊಂದುಕೊಂಡು, "ಸಾರ್ ದಿನಾ ನಾಲ್ಕು ಸಲ ಮುಖ ತಿರುಗಿಸ್ಕೊಂಡು ಹೋಗ್ತಾರೆ, ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಕ್ಕಾ?" ಎಂದು ಬರವಣಿಗೆ ಅಕ್ಕನವರಲ್ಲಿ ವಿಚಾರಿಸಿರುತ್ತಾರೆ. ಅವರಿಂದ ಯಾವ ತಪ್ಪೂ ಆಗಿರುವುದಿಲ್ಲ. ಬೆಣ್ಣೆ ಬಿಸ್ಕತ್ತಿನ ವಾಸನೆಯನ್ನು ತಪ್ಪೆಂದು ಪರಿಗಣಿಸುವ ಅಧಿಕಾರ ಈ ಶಾಖೆಗಿಲ್ಲ.

8. ತೂಕವನ್ನು ಸೋಮವಾರ ಬೆಳಿಗ್ಗೆ ಒಂದೇ ಬಾರಿ ನೋಡತಕ್ಕದ್ದು. ಉಸಿರು ಬಿಗಿಹಿಡಿಯುವುದು, ಕನ್ನಡಕ ತೆಗೆದಿಡುವುದು, ಗೋಡೆಗೆ ಒಂದು ಬೆರಳು ತಾಗಿಸುವುದು ನಿಷಿದ್ಧ. ಯಂತ್ರವನ್ನು ಕೋಣೆಯ ಮೂರು ಮೂಲೆಗಳಲ್ಲಿಟ್ಟು, ಬಂದ ಮೂರು ಅಂಕಿಗಳನ್ನು ಪರಸ್ಪರ ಹೋಲಿಸಿ, ಎಲ್ಲಕ್ಕಿಂತ ಕಡಿಮೆಯದನ್ನು 'ಶುದ್ಧಪಾಠ'ವೆಂದು ಸ್ವೀಕರಿಸಿ ಮಿಕ್ಕವನ್ನು ಅಡಿಟಿಪ್ಪಣಿಗೆ ಹಾಕುವ ವಿಧಾನವು ಹಸ್ತಪ್ರತಿಗಳಿಗೆ ಮಾತ್ರ ಸಲ್ಲುತ್ತದೆ.

9. ಯಾವುದೋ ಶನಿವಾರ ಹಿಡಿ ತಪ್ಪಿ ಪೊಟ್ಟಣವೇ ಮುಗಿದುಹೋದಲ್ಲಿ, ಅದನ್ನು ಪೊಟ್ಟಣ ಮುಗಿದ ಶನಿವಾರವೆಂದು ಮಾತ್ರ ದಾಖಲಿಸಿ, ಭಾನುವಾರವೂ ಎಂದಿನಂತೆ ನಡೆಯಲು ಹೋಗತಕ್ಕದ್ದು. 'ಹೇಗೂ ಕೆಟ್ಟಿತಲ್ಲ' ಎಂದು ಐಸ್‌ಕ್ರೀಮಿನ ಡಬ್ಬಿ ತೆರೆಯತಕ್ಕದ್ದಲ್ಲ. ಇಂಥ ಶನಿವಾರಗಳು ಹದಿನಾರರಲ್ಲಿ ಮೂರು ಬಂದಿರುತ್ತವೆ. ಹಿರಿಯ ಸಂಗ್ರಾಹಕರು ಎರಡೆಂದು ವರದಿ ಮಾಡಿದ್ದರು; ಬೀರು ಮೂರೆಂದು ಹೇಳಿತು.

10. ಧ್ವನಿಮುದ್ರಣ ಯಂತ್ರ ಚಾಲೂ ಇರುವಾಗ ಸಂಗ್ರಾಹಕರ ಬಾಯಿ ಖಾಲಿ ಇರತಕ್ಕದ್ದು. ಹೂಂಗುಟ್ಟುವುದಕ್ಕೆ ಹೊರತು ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸತಕ್ಕದ್ದಲ್ಲ.

11. ಪ್ರಗತಿ ವರದಿ: ಕೆಲವು ವಾರ ಅರ್ಧ ಕಿಲೋ, ಕೆಲವು ವಾರ ಮುಕ್ಕಾಲು, ಮೂರ್ನಾಲ್ಕು ವಾರ ಏನೂ ಇಲ್ಲದೆ, ತೂಕವು ತೊಂಬತ್ತೆರಡೂವರೆಯಿಂದ ಇಳಿಯುತ್ತಾ ಬಂದು ಈ ಸೋಮವಾರ ಎಂಬತ್ತೈದು ಕಿಲೋ ಒಂಬೈನೂರು ಗ್ರಾಂಗೆ ತಲುಪಿರುತ್ತದೆ. ಯಂತ್ರವನ್ನು ವೈದ್ಯರೇ ಕೋಣೆಯ ನಡುವೆ ಇಟ್ಟಿದ್ದರು. ಕ್ಷೇತ್ರಕಾರ್ಯದ ಅನುಮತಿಯನ್ನು ಅಂದೇ ಪುನಃಸ್ಥಾಪಿಸಲಾಯಿತು.

12. ತತ್ಪರಿಣಾಮವಾಗಿ ಹಿರಿಯ ಸಂಗ್ರಾಹಕರು ನಿನ್ನೆ ಬುಧವಾರ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹತ್ತಲಾರಂಭಿಸಿ, ಎರಡನೆಯ ಮಹಡಿಯಲ್ಲಿ ಒಮ್ಮೆ ಮಾತ್ರ ನಿಂತು, ಏಳು ನಿಮಿಷಗಳಲ್ಲಿ ಅಜ್ಜಿಯವರ ಬಾಗಿಲು ತಟ್ಟಿರುತ್ತಾರೆ. ಒಳಗಿನಿಂದ ಬಾಗಿಲು ತೆರೆಯಲು ನಿರಾಕರಿಸಲಾಯಿತು. ಸಂಭಾಷಣೆಯು ಯಥಾವತ್ತಾಗಿ ಹೀಗಿದೆ:

"ಯಾರದು?"
"ನಾನು ಅಜ್ಜೀ. ಕಥೆ ಬರ್ಕೊಳ್ಳೋನು."
"ಸುಳ್ಳು. ಅವನು ಎರಡನೇ ಮಹಡೀಲಿ ಇರೋವಾಗ್ಲೇ ನನ್ಗೆ ಉಸಿರು ಕೇಳ್ಸುತ್ತೆ. ನೀರು ತಂದಿಟ್ಟು ಕೂತಿರ್ತೀನಿ. ನೀನ್ಯಾರೋ."
"ನಾನೇ ಅಜ್ಜೀ. ಸಣ್ಣಗಾಗಿದೀನಿ."
"ಹಾಗಾದ್ರೆ ಹೇಳು ನೋಡೋಣ, ನಮ್ಮ ಕಿರಿಸೊಸೆ ಎಲ್ಲಿದಾಳೆ?"
"ಬಾವಿ ತಳದಲ್ಲಿ, ಬಾಗಿಲ ಮುಂದೆ. ಕೈ ಎತ್ಕೊಂಡು ನಿಂತು ಐದು ತಿಂಗಳಾಯ್ತು."
"ಅಯ್ಯೋ, ಮಗೀಗೆ ಕೈ ನೋಯುತ್ತೆ! ಬಾ, ಬೇಗ ಬಾ ಒಳಗೆ."

13. ಕಥೆಗಾರರು ಪ್ರೀತಿಯಿಂದ ಮುಂದಿಟ್ಟ ತಟ್ಟೆಯನ್ನು ಬೇಡವೆನ್ನುವುದು ಸಂಗ್ರಾಹಕರ ನಡತೆಗೆ ತಕ್ಕುದಲ್ಲವಾದ್ದರಿಂದ, ನಾಲ್ಕು ಕ್ರೀಮ್ ಬಿಸ್ಕತ್ತುಗಳ ಪೈಕಿ ಒಂದನ್ನು, ಯಂತ್ರ ಬಂದ್ ಮಾಡಿ, ಸ್ವೀಕರಿಸಲಾಗಿದೆ. ಇದನ್ನು ಶನಿವಾರದ ಹಿಡಿಯಿಂದ ಕಳೆಯತಕ್ಕದ್ದು. "ಒಂದೇನಾ? ಮುಂಚೆ ತಟ್ಟೆ ಒಂದನ್ನ ಬಿಡ್ತಿದ್ದೆ" ಎಂಬ ಅಜ್ಜಿಯವರ ಅಭಿಪ್ರಾಯವನ್ನು ದಾಖಲೆಗಾಗಿ ಮಾತ್ರ ಇಲ್ಲಿ ಸೇರಿಸಲಾಗಿದೆ.

14. ಕಥೆಯು ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮುಕ್ತಾಯಗೊಂಡಿತು. ಬಾಗಿಲ ಹಿಂದೆ ಏನಿತ್ತೆಂಬುದನ್ನು ಆಸಕ್ತರು ಶಾಖೆಗೆ ಬಂದು ಕೇಳಿಸಿಕೊಳ್ಳಬಹುದು. ಅಜ್ಜಿಯವರ ದನಿಯನ್ನು ಬಿಟ್ಟರೆ ಅದರಲ್ಲಿರುವುದು ಒಂದು ಗಡಿಯಾರ ಮತ್ತು ಇನ್ನೂರ ಆರು ಹೂಂಗಳು.

15. ಈ ಸುತ್ತೋಲೆಯು ಎಲ್ಲಿಯವರೆಗೆ ಜಾರಿಯಲ್ಲಿರತಕ್ಕದ್ದು ಎಂಬುದನ್ನು ನಿಗದಿಪಡಿಸುವ ಸಲುವಾಗಿ, ತಮ್ಮಲ್ಲಿ ಇನ್ನೆಷ್ಟು ಕಥೆಗಳಿವೆ ಎಂದು ಅಜ್ಜಿಯವರನ್ನು ಕೇಳಲಾಯಿತು. ಅವರು ಉಳಿದ ಮೂರು ಬಿಸ್ಕತ್ತುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಮಾಡುತ್ತಾ, "ನೀನು ಎಷ್ಟು ಸಲ ಹತ್ಕೊಂಡು ಬರ್ತೀಯೋ ಅಷ್ಟಿವೆ" ಎಂದು ತಿಳಿಸಿರುತ್ತಾರೆ. ಅದರಂತೆ ಆದೇಶಿಸಲಾಗಿದೆ.

(ಸಹಿ)
ಹಿರಿಯ ಸಂಗ್ರಾಹಕರು
ಕಥಾ ಸಂಗ್ರಹ ಶಾಖೆ
(85.9)

ಪ್ರತಿಗಳು:
1. ಬರವಣಿಗೆ ಅಕ್ಕನವರಿಗೆ. ಎಷ್ಟೇ ಗೋಗರೆದರೂ ಕೀಲಿಕೈ ಕೊಡತಕ್ಕದ್ದಲ್ಲ. ಈ ಸಾಲನ್ನು ರದ್ದುಪಡಿಸಿ ಹೊರಡಿಸುವ ಯಾವುದೇ ಸುತ್ತೋಲೆಯನ್ನು ನಂಬತಕ್ಕದ್ದಲ್ಲ.
2. ವೈದ್ಯರಿಗೆ. ಉತ್ತರವನ್ನು ಟೈಪು ಮಾಡಿಸಿ ಕಳುಹಿಸುವಂತೆ ಕೋರಿ.
3. ಬೇಕರಿಯವರಿಗೆ, ಕ್ಷಮಾಪಣೆಯೊಂದಿಗೆ. ಖುದ್ದಾಗಿ ತಲುಪಿಸಲು ಅನುಮತಿ ದೊರೆಯದ ಕಾರಣ ಅಂಚೆಯ ಮೂಲಕ.
4. ಪತ್ನಿಯವರಿಗೆ, ಮಾಹಿತಿಗಾಗಿ. ಮಾಹಿತಿಯು ಅವರಲ್ಲಿ ಮೊದಲೇ ಇರುತ್ತದೆ.
5. ನಾಲ್ಕನೆಯ ಮಹಡಿಯ ಅಜ್ಜಿಯವರಿಗೆ. ಬರುವ ಬುಧವಾರ ಹತ್ತೂವರೆಗೆ ಹಾಜರಾಗಲಾಗುವುದು.