ಗೋಡೆಗೆ ನೀರೆರೆಯುವ ನಮ್ಮ ಸೋದರಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖಕ್ಕಿಂತ ಗೋಡೆಗಳ ಮುಖವೇ ಹೆಚ್ಚು ಗುರುತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಒಮ್ಮೆ ಮನೆಗೆ ಬಂದು ನನ್ನ ಮದುವೆಯ ಫೋಟೊ ನೋಡಿಕೊಂಡು ಹೋಗಿ. ದಾವಣಗೆರೆಯಲ್ಲಿ ನಡೆದ ಆ ಮದುವೆಗೆ, ಮನೆಯಲ್ಲೇ ಕ್ಯಾಮರಾ ಇರುವಾಗ ಸ್ಟುಡಿಯೋದವನೇಕೆ ಎಂದು ಹಿರಿಯರು ಫೋಟೊ ಕೆಲಸವನ್ನು ಮಾವನಿಗೇ ವಹಿಸಿದ್ದರು. ರೋಲು ತೊಳೆಸಿ ತಂದಾಗ ನೋಡುವುದೇನು? ಮದುಮಗನೂ ಇಲ್ಲ, ಮದುಮಗಳೂ ಇಲ್ಲ. ಛತ್ರದ ಎದುರು ಗೋಡೆಯ ಮೇಲೆ ಯಾವ ಕಾಲದಲ್ಲೋ ಬರೆದು ಮಾಸಿಹೋಗಿದ್ದ ನಸ್ಯದ ಜಾಹೀರಾತು ಮಾತ್ರ ಎಡದಿಂದ, ಬಲದಿಂದ, ನಟ್ಟನಡುವಿನಿಂದ ಬಂದಿತ್ತು! ಒಂದು ಫೋಟೊದ ಮೂಲೆಯಲ್ಲಿ ಕಾಣುವ ಮೊಣಕೈ ತನ್ನದೆಂದು ನನ್ನ ಹೆಂಡತಿ ಇಂದಿಗೂ ವಾದಿಸುತ್ತಾಳೆ. ನಾನು ಒಪ್ಪಿಕೊಂಡಿದ್ದೇನೆ, ಸಂಸಾರ ನಡೆಯಬೇಕಲ್ಲ.

“ಮಾವಾ, ನಾವು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲೇನ್ರಿ?” ಎಂದು ಕೇಳಿದೆ.

“ನೀವು ಎಲ್ಲಿಗೆ ಹೋಗ್ತೀರೋ? ಇಲ್ಲೇ ಇರ್ತೀರಿ. ಆ ಬರಹ ಮುಂದಿನ ಮಳೆಗಾಲಕ್ಕೆ ಇರಂಗಿಲ್ಲ” ಎಂದರು.

ಬೀಡಿ, ಸೋಪು, ಕೂದಲೆಣ್ಣೆ, ಏನೇ ಇರಲಿ, ಹಳೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದು ಬಿಸಿಲಿಗೆ ಬೆಳ್ಳಗಾಗಿದ್ದರೆ ಸಾಕು, ಮಾವ ಅಲ್ಲಿ ಹಾಜರು. ಮಾಸಿದ ಬರಹಕ್ಕೆ ನೀರು ಸೋಕಿಸಿದರೆ ಅಕ್ಷರಗಳು ಒಂದು ಗಳಿಗೆ ಎದ್ದು ಕಾಣುತ್ತವೆ ಎಂಬುದು ಅವರು ಕಂಡುಕೊಂಡಿದ್ದ ಉಪಾಯ. ಗೋಡೆ ಒಣಗುವುದರೊಳಗೆ ಫೋಟೊ ತೆಗೆಯಬೇಕು. ಹಾಗಾಗಿ ಹೆಗಲಿಗೆ ಕ್ಯಾಮರಾ, ಕೈಯಲ್ಲಿ ನೀರಿನ ತಂಬಿಗೆ! ಬೆಳ್ಳಂಬೆಳಗ್ಗೆ ತಂಬಿಗೆ ಹಿಡಿದು ಹೊರಟವರನ್ನು ಊರು ಏನೆಂದು ತಿಳಿಯುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕೆ?

ಮಂಡಿಪೇಟೆಯಲ್ಲಿ ಒಬ್ಬ ಹೆಂಗಸು ಅವರನ್ನು ತರಾಟೆಗೆ ತೆಗೆದುಕೊಂಡಳು. “ನಲ್ಲಿಯಾಗೆ ಕುಡಿಯಾಕ ನೀರಿಲ್ಲ, ನೀವು ಗ್ವಾಡೆಗೆ ಜಳಕ ಮಾಡಸ್ತೀರಲ್ರೀ!”

“ಪಾಪ, ಎಷ್ಟು ವರ್ಷದಿಂದ ಬಿಸಿಲಾಗೆ ನಿಂತೈತೆ ತಾಯಿ” ಎಂದರು ಮಾವ.

ಲೋಕಕ್ಕೆಲ್ಲ ದೀಪಾವಳಿ ಬಂತೆಂದರೆ ಹಿಗ್ಗು, ಮಾವನಿಗೆ ಜ್ವರ. ಯಾಕೆಂದರೆ ಹಬ್ಬಕ್ಕೆ ಊರೆಲ್ಲ ಸುಣ್ಣ ಬಳಿಯುತ್ತದೆ! ಒಂದು ವರ್ಷವಂತೂ ಅವರಿಗೆ ಊಟ ಸೇರುತ್ತಿರಲಿಲ್ಲ. ಹರಿಹರದ ಸ್ಟೇಷನ್ ಹಾದಿಯಲ್ಲಿ ಕಾಳಿನ ಸಾವ್ಕಾರರೊಬ್ಬರ ಮನೆಯ ಪಕ್ಕದ ಗೋಡೆಯ ಮೇಲೆ ಹಲ್ಲುಪುಡಿಯ ಹಳೇ ಜಾಹೀರಾತೊಂದಿತ್ತು. ಹಿಂದೆ ಹೋದಾಗಲೆಲ್ಲ ಒಮ್ಮೆ ಮೋಡ, ಒಮ್ಮೆ ರೋಲು ಸಿಕ್ಕಿಕೊಂಡು ಫೋಟೊ ಬಂದಿರಲಿಲ್ಲ. ಈಗ ಅದಕ್ಕೆ ಸುಣ್ಣ ಹೊಡೆಯುತ್ತಾರೆಂಬ ಸುದ್ದಿ ಬಂತು. ಮಂಡಿನೋವಿನಿಂದ ವರ್ಷಗಟ್ಟಲೆ ಹೊಸಿಲು ದಾಟದ ಮಾವನ ಹೆಂಡತಿ, ನಮ್ಮತ್ತೆ, ರೊಟ್ಟಿ ಬುತ್ತಿ ಕಟ್ಟಿಕೊಟ್ಟು, “ಆ ಗ್ವಾಡೆ ಒಂದು ಸಿಕ್ಕರೆ ಸಾಕು, ಹೋಗಿ ಬರ್ರಿ” ಎಂದರು. ಇವರಿಗೂ ಹುಚ್ಚು ಅಂಟಿತಲ್ಲಪ್ಪ ಎಂದುಕೊಂಡು ನಾನೂ ಜೊತೆಗೆ ಹೊರಟೆ.

ನಾವು ಹೋಗುವ ಹೊತ್ತಿಗೆ ಡ್ರಮ್ಮಿನಲ್ಲಿ ಸುಣ್ಣ ಕಲಸಿ ಆಗಿತ್ತು. ಮೇಲೆ ಮೋಡ ಬೇರೆ.

“ಒಂದು ಚೂರು ಬಿಸಿಲು ಬರೋ ತನಕ ತಡೀರಿ ಸಾವ್ಕಾರ್ರೆ” ಎಂದು ಮಾವ ಬೇಡಿಕೊಂಡರು.

“ಬಿಸಿಲು ನೋಡಿಕೋತ ಕುಂತರೆ ಹಬ್ಬ ಹೆಂಗೆ ಮಾಡೋದ್ರಿ? ಹೊಡೀರಪ್ಪ ಸುಣ್ಣ!” ಎಂದರು ಸಾವ್ಕಾರರು.

ಆಳು ಕುಂಚ ಅದ್ದಿದ. ಮಾವ ದಿಕ್ಕುಗೆಟ್ಟು ಗೋಡೆಗೆ ನೀರು ಸುರಿದೇಬಿಟ್ಟರು. ಅವರದು ಡಬ್ಬಿ ಕ್ಯಾಮರಾ. ಎದೆಗೆ ಆನಿಸಿ, ತಲೆ ಬಗ್ಗಿಸಿ ಮೇಲಿನ ಗಾಜಿನೊಳಗೆ ನೋಡಬೇಕು. ಹಣೆಯ ತುಂಬ ವಿಭೂತಿ ಧರಿಸಿದ ಹಿರಿಯರು ಗೋಡೆಗೆ ನೀರೆರೆದು ತಲೆಬಾಗಿ ಅಲ್ಲಾಡದೆ ನಿಂತರೆ ಹಾದಿಹೋಕರು ಏನೆಂದುಕೊಳ್ಳಬೇಕು? ಒಬ್ಬ ಅಜ್ಜಿ ಬುಟ್ಟಿ ಇಳಿಸಿ ಕೈಮುಗಿದಳು. ಇನ್ನೊಬ್ಬರು ಚಪ್ಪಲಿ ಬಿಟ್ಟರು. ಯಾರೋ ಗೋಡೆಗೆ ವಿಭೂತಿಯನ್ನೇ ಎಳೆದರು! ಆಳು ಕುಂಚ ಕೆಳಗಿಟ್ಟು, “ನಾ ಒಲ್ಲೆರೀ ಸಾವ್ಕಾರ್ರೆ, ಪಾಪ ಬರ್ತದೆ” ಎಂದ.

ಸಾವ್ಕಾರರು ಮೆಲ್ಲಗೆ ಬಂದು, “ಯಜಮಾನ್ರೆ, ಇಲ್ಲಿ ಯಾವ ದೇವ್ರು ಐತ್ರಿ?” ಎಂದರು.

ಅಷ್ಟರಲ್ಲಿ ಬಿಸಿಲು ಬಿತ್ತು. ಮಾವ ಮತ್ತೊಮ್ಮೆ ನೀರು ಚೆಲ್ಲಿ ಫೋಟೊ ತೆಗೆದು, ನಿಟ್ಟುಸಿರುಬಿಟ್ಟು, “ದೇವರಲ್ಲರೀ, ಹಲ್ಲುಪುಡಿ” ಎಂದರು. ಅಜ್ಜಿ ಸಮೇತ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಗೋಡೆಗೆ ಸುಣ್ಣ ಬಿತ್ತು. ಮಾವ ಪೂರ್ತಿ ಮುಚ್ಚುವ ತನಕ ನಿಂತು ನೋಡಿದರು.

ಹಬ್ಬ ಕಳೆದು ಫೋಟೊ ಬಂತು. ‘ದಿನವೂ ಉಜ್ಜಿರಿ’ ಎಂಬುದೇನೋ ಕಾಣುತ್ತಿತ್ತು, ಮುಂದೆ ಬರೀ ಬಿಳುಪು. ಇಷ್ಟು ಒದ್ದಾಡಿದ್ದು ಇದಕ್ಕೇ ಎಂದು ನನಗೆ ನಗು ಬಂತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಮಕ್ಕಳ ಹಾಗೆ ರಾಗವಾಗಿ ಓದಿದರು: “ದಿನವೂ ಉಜ್ಜಿರಿ, ಮುಪ್ಪಿನಲ್ಲೂ ನಗಿರಿ.”

“ಅಳಿಸಿ ಹೋಗಿದ್ದನ್ನ ಹೆಂಗೆ ಓದಿದ್ರಿ ಅತ್ತೆ?”

“ನಾನು ಸಾಲಿಗೆ ಹೋದಾಕಿ ಅಲ್ಲಪ್ಪ. ಮದುವಿ ಆದಮೇಲೆ ಮನ್ಯಾಗೆ ಪಾಟಿ ಹಿಡಿದ್ರೆ ಎಲ್ಲರೂ ನಗ್ತಿದ್ರು. ಅದಕ್ಕೇ ಹೊರಗೆ ಹೋದಾಗೆಲ್ಲ ನಿಮ್ಮ ಮಾವ ಗ್ವಾಡೆ ತೋರಿಸಿ ಒಂದೊಂದೇ ಅಕ್ಷರ ಹೇಳಿಕೊಡ್ತಿದ್ರು. ಹರಿಹರ ನನ್ನ ತವರು. ಸ್ಟೇಷನ್ನಿಂದ ನಡೆದು ಹೋಗುವಾಗ, ಯಾರೂ ಹೇಳಿಕೊಡದಂಗೆ ನಾನೇ ಪೂರ್ತಿ ಓದಿದ ಮೊದಲ್ನೇ ಗ್ವಾಡೆ ಇದು.”

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆವು. ಅವರು ಮಾತ್ರ ಹೊರಗೆ ಹೋಗಲಾರದ ಹೆಂಡತಿಗೆ ಅವಳು ಓದಿದ ಬೀದಿಗಳನ್ನು ಒಂದೊಂದಾಗಿ ಮನೆಗೆ ತರುತ್ತಿದ್ದರು.

ಮಾವ ನಮ್ಮ ಕಡೆ ನೋಡದೆ ಕ್ಯಾಮರಾ ಒರೆಸುತ್ತಾ ಕುಳಿತಿದ್ದರು.

“ಇನ್ನೊಂದು ಸಲ ಓದು” ಎಂದರು.