ನೂರೈವತ್ತು ರೂಪಾಯಿಯ ವಾಣ

ಲೆಕ್ಕ ಬರುವ ಗಂಡ ಸಿಕ್ಕಿದ್ದು ತನ್ನ ಪುಣ್ಯ ಎಂದು ಮೂವತ್ನಾಲ್ಕು ವರ್ಷ ನಂಬಿಕೊಂಡಿದ್ದಳು, ನನ್ನ ಹೆಂಡತಿ ಇಂದೂ. ಈ ಫೆಬ್ರವರಿ ಒಂದನೆಯ ತಾರೀಖು ಬೆಳಿಗ್ಗೆ ಹನ್ನೊಂದೂವರೆಗೆ, ಹಡಪಸರದ ಒಂದು ಮಷೀನಿನ ಅಂಗಡಿಯಲ್ಲಿ ಆ ನಂಬಿಕೆ ತೀರಿಕೊಂಡಿತು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೊದಲಿನಿಂದ ಹೇಳುತ್ತೇನೆ. ನಾವು ಧಾರವಾಡದ ಕಡೆಯವರು, ಈಗ ಮರಾಠಿ ಸೀಮೆಯ ವಾಕಡದ ಎರಡು ಕೋಣೆಯ ಫ್ಲ್ಯಾಟಿನವರು. ಇಂದೂ ಐದು ವರ್ಷದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಕಂಪ್ಯೂಟರ್ ಕಂಪನಿಗಳ ಹುಡುಗರು ಕೊಂಡು ತಿನ್ನುತ್ತಾರೆ. ದಿನಕ್ಕೆ ನೂರಾ ಇಪ್ಪತ್ತು ರೊಟ್ಟಿಗೆ ಹಿಟ್ಟು ನಾದಿ ನಾದಿ ಅವಳ ಬಲಗೈ ಮಣಿಕಟ್ಟು ಬಾವು ಬಂದು, ಇನ್ನು ಮುಂದೆ ನಾದಕೂಡದು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಷೀನು ಬರುವವರೆಗೆ ಎಂದು ಅವಳು ನಾದುತ್ತಲೇ ಇದ್ದಳು. ಹಿಟ್ಟನ್ನು ತಾನೇ ನಾದಿ, ತಾನೇ ಬಡಿದು ಕೊಡುವ ಮಷೀನಿಗೆ ಅರವತ್ತು ಸಾವಿರ. ಅದಕ್ಕಾಗಿ ಅವಳು ಎರಡು ವರ್ಷದಿಂದ ಬೇರೆಯೇ ಒಂದು ಖಾತೆಯಲ್ಲಿ ಹಣ ಕೂಡಿಡುತ್ತಿದ್ದಳು. ನಮ್ಮ ಮನೆಯಲ್ಲಿ ಅದರ ಹೆಸರು ‘ಮಷೀನಿನ ಖಾತೆ’. ಮಗಳ ಬಾಣಂತನದ ಖರ್ಚಿಗೂ ಆ ಖಾತೆಯನ್ನು ಮುಟ್ಟಿರಲಿಲ್ಲ.

ಈ ಉದ್ದಿಮೆಯ ಆರ್ಥಿಕ ಸಲಹೆಗಾರ ನಾನು. (ನೇಮಕ ಮಾಡಿಕೊಂಡವನೂ ನಾನೇ.) ದೇಹೂ ರೋಡಿನಲ್ಲಿ ಒಂದು ಕಚೇರಿಯ ಪಗಾರ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಳೆದವನು. ನಿವೃತ್ತನಾದ ಮೇಲೆ ಕೈ ಕಟ್ಟಿಕೊಂಡು ಕೂರಲಾರದೆ, ರೊಟ್ಟಿ ವ್ಯಾಪಾರಕ್ಕೊಂದು ಬಿಲ್ಲಿಂಗ್ ಸಾಫ್ಟ್‌ವೇರ್ ತಂದೆ. ಅದಕ್ಕೆ ತಲೆಗೊಂದು ಲೈಸನ್ಸ್. ಫೆಬ್ರವರಿ ಒಂದರಿಂದ ಮರುವರ್ಷದ ಜನವರಿ ಮೂವತ್ತೊಂದರವರೆಗೆ ತಲೆಯೊಂದಕ್ಕೆ ಎಲ್ಲಾ ಸೇರಿ ಮೂರು ಸಾವಿರದ ಆರುನೂರ ಐವತ್ತು ರೂಪಾಯಿ. ನಮ್ಮಲ್ಲಿ ಎರಡು ಲೈಸನ್ಸ್ ಇದ್ದವು. ಆರ್ಡರ್ ಬರೆದುಕೊಳ್ಳಲು ಅವಳಿಗೊಂದು, ಅವಳು ಬರೆದದ್ದನ್ನು ತಿದ್ದಲು ‘ಶ್ಯಾಮ, ಅಡ್ಮಿನ್’ ಎಂದು ನನಗೊಂದು. ವರ್ಷ ವರ್ಷ ಹಣ ತಾನಾಗಿಯೇ ಕಡಿತವಾಗಲಿ ಎಂದು ಮಷೀನಿನ ಖಾತೆಯ ನಂಬರನ್ನೇ ಕೊಟ್ಟಿದ್ದೆ. ಮನೆಯಲ್ಲಿ ಸದಾ ಹಣವಿರುವ ಖಾತೆ ಅದೊಂದೇ. ಇದನ್ನು ನಾನು ದೂರದೃಷ್ಟಿ ಎಂದು ಕರೆದಿದ್ದೆ.

ಜನವರಿ ಬಂತು, ಸಂಕ್ರಾಂತಿ ಬಂತು. ಇಲ್ಲಿ ಸಂಕ್ರಾಂತಿಯೆಂದರೆ ಮನೆಮನೆಯಲ್ಲೂ ಹಳದಿ-ಕುಂಕು. ಬಂದ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟು, ಜೊತೆಗೊಂದು ‘ವಾಣ’, ಅಂದರೆ ಉಡುಗೊರೆ, ಕೊಡಬೇಕು. ಒಬ್ಬಳನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ, ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಎನ್ನುವಂತೆಯೂ ಇಲ್ಲ. ಇಂದೂ ಹದಿನಾಲ್ಕು ಜನರ ಪಟ್ಟಿ ಮಾಡಿ, ನೂರೈವತ್ತರ ಸ್ಟೀಲ್ ಬಟ್ಟಲು ಕೊಡುವುದೆಂದು ನಿರ್ಧರಿಸಿದ್ದಳು. ಆಗ ನನಗೆ ಜ್ಞಾನೋದಯವಾಯಿತು.

ಸಾಫ್ಟ್‌ವೇರಿನ ತೆರೆಯ ಮೇಲೆ ಒಂದು ಸಾಲು ಇತ್ತು. ವರ್ಷದ ನಡುವೆ ಸೇರುವವರಿಗೆ ಉಳಿದ ದಿನಗಳ ಹಣ ಮಾತ್ರ. ನೋಡಿದವನೇ ಎದ್ದು ನಿಂತೆ. ಇದು ನನ್ನದೇ ವಿದ್ಯೆ. ತಿಂಗಳ ನಡುವೆ ಕೆಲಸಕ್ಕೆ ಸೇರಿದವನಿಗೆ ತುಂಡು ದಿನಗಳ ಪಗಾರ ಹಾಕುತ್ತ ನನ್ನ ಕೂದಲು ನರೆತದ್ದು. ವರ್ಷಕ್ಕೆ ಮೂರು ಸಾವಿರದ ಆರುನೂರ ಐವತ್ತಾದರೆ ದಿನಕ್ಕೆ ಹತ್ತು ರೂಪಾಯಿ. ಹಳದಿ-ಕುಂಕು ಜನವರಿ ಹದಿನೇಳಕ್ಕೆ. ಉಳಿದದ್ದು ಹದಿನೈದು ದಿನ. ತಲೆಗೆ ನೂರೈವತ್ತು.

“ಇಂದೂ, ಈ ಸಲ ಬಟ್ಟಲಾ ಕೊಡೂದು ಬ್ಯಾಡ,” ಎಂದೆ.

“ಮತ್ತೇನ ಕೊಡ್ಲಿ? ನಿಮ್ಮ ಫೋಟೋ ಕೊಡ್ಲೇನು?”

“ಸಾಫ್ಟ್‌ವೇರಿನ ಲೈಸನ್ಸ್ ಕೊಡು. ಅಷ್ಟ ರೊಕ್ಕದಾಗ ಬರತದ. ನಿನ್ನ ಗೆಳತ್ಯಾರು ದಿನಕ್ಕ ಮೂವತ್ತು ಸಲ ಫೋನ್ ಮಾಡಿ, ನಮ್ಮ ಬಿಲ್ಡಿಂಗಿಗೆ ಹತ್ತು ರೊಟ್ಟಿ, ನಮ್ಮ ನಾದಿನಿಗೆ ಇಪ್ಪತ್ತು ರೊಟ್ಟಿ ಅಂತಾರಲ್ಲ, ಇನ್ನ ಮ್ಯಾಲೆ ತಾವ ಬರಕೋತಾರ. ಮೂವತ್ತೊಂದನೇ ತಾರೀಖಿಗೆ ಬಸ್ ಪಾಸ್ ಮುಗಿದಂಗ ಮುಗೀತದ. ಯಾರಿಗೂ ತ್ರಾಸಿಲ್ಲ.”

ಇಂದೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಮಷೀನಿನ ರೊಕ್ಕಕ್ಕ ಕೈ ಹಚ್ಚೂದಿಲ್ಲಲ್ಲ?”

“ಒಟ್ಟು ಎರಡು ಸಾವಿರದ ನೂರು. ಅದನ್ನ ನಾನ ಪೆನ್ಶನ್‌ನ್ಯಾಗ ಕೊಡ್ತೇನಿ.”

“ನಿಮಗ ಎಲ್ಲಾ ಬರೋಬರಿ ತಿಳದದ ಹೌದಲ್ರೀ?”

“ಪಗಾರ ಮಾಡಿದಾಂವಗ ಪಾಠಾ ಹೇಳಬ್ಯಾಡ,” ಎಂದೆ. ಈ ಮಾತನ್ನು ಅವಳು ಆಮೇಲೆ ಎಷ್ಟು ಸಲ ನನಗೇ ವಾಪಸ್ ಹೇಳಿದ್ದಾಳೆ ಎಂಬ ಲೆಕ್ಕವನ್ನು ನಾನು ಇಟ್ಟಿಲ್ಲ.

ಹಳದಿ-ಕುಂಕು ವೈಭವದಿಂದ ನಡೆಯಿತು. ಪ್ರತಿಯೊಬ್ಬಳ ಹೆಸರಿನಲ್ಲೂ ಚೀಟಿ ಮಾಡಿಸಿ, ಕುಸುರೆಳ್ಳಿನ ಪೊಟ್ಟಣಕ್ಕೆ ಅಂಟಿಸಿದ್ದೆ. ಸೊಸೈಟಿಯ ಹೆಂಗಸರು ನನ್ನ ಬುದ್ಧಿವಂತಿಕೆಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಹೊಗಳಿದರು. ಪಕ್ಕದ ಮನೆಯ ನಾಗವ್ವ ಮಾತ್ರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಎಪ್ಪತ್ತೆರಡು, ಅವರ ಫೋನು ಗುಂಡಿ ಒತ್ತುವಂಥದ್ದು.

“ಇದನ್ನ ಎಲ್ಲಿ ಇಟ್ಕೋಬೇಕೋ ತಮ್ಮಾ?”

“ಫೋನಿನಾಗ್ರಿ, ನಾಗವ್ವ.”

“ನನ್ನ ಫೋನಿನಾಗ ಮಗಳ ನಂಬರ್ ಒಂದ ಅದ. ಇದಕ್ಕೆಲ್ಲಾ ಜಾಗಾ ಎಲ್ಲಿ ಅದ ಅದರಾಗ?”

ಆದರೂ ಅವರಿಗೂ ಒಂದು ಲೈಸನ್ಸ್ ಮಾಡಿಸಿಯೇ ಬಿಟ್ಟೆ. ಮುತ್ತೈದೆ ಬರಿಗೈಯಲ್ಲಿ ಹೋಗಬಾರದಲ್ಲ. ಅವರು ಹೋಗುವಾಗ ಅಡುಗೆಮನೆಯಲ್ಲಿ ಇಂದೂಳ ಕಿವಿಯಲ್ಲಿ ಏನೋ ಹೇಳಿ ಒಂದು ಬಟ್ಟಲನ್ನೂ ಇಸಿದುಕೊಂಡು ಹೋದರಂತೆ.

ಮರುದಿನ ಕಂಪನಿಯಿಂದ ಮೇಲ್ ಬಂತು. ‘ನಿಮ್ಮ ಸಂಸ್ಥೆಯಲ್ಲೀಗ ಹದಿನಾರು ಬಳಕೆದಾರರಿದ್ದಾರೆ’ ಎಂಬುದು ಅದರ ಮೊದಲ ಸಾಲು. ನಮ್ಮ ಅಡುಗೆಮನೆಯನ್ನು ಯಾರಾದರೂ ಸಂಸ್ಥೆ ಎಂದು ಕರೆದದ್ದು ಅದೇ ಮೊದಲು. ಅದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಕೆಳಗೆ ಇನ್ನೂ ನಾಲ್ಕಾರು ಸಾಲು ಇದ್ದವು. ಅಭಿನಂದನೆಯೇ ಇರಬೇಕೆಂದು ಬಿಟ್ಟೆ.

ಫೆಬ್ರವರಿ ಒಂದು. ಹಡಪಸರದ ಅಂಗಡಿಯ ದತ್ತುಭಾವು ಮಷೀನನ್ನು ಒರೆಸಿ, ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಇಂದೂ ಬಾವು ಬಂದ ಕೈಯಿಂದಲೇ ಅದಕ್ಕೆ ಕುಂಕುಮ ಹಚ್ಚಿದಳು. ನಾನು ತೆಂಗಿನಕಾಯಿ ಒಡೆದೆ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅವಳ ಕಣ್ಣಿನಲ್ಲಿ ನೀರಿತ್ತು. ಆಮೇಲೆ ಅವಳು ಕಾರ್ಡ್ ಕೊಟ್ಟಳು. ದತ್ತುಭಾವು ಒಂದು ಸಲ ಉಜ್ಜಿದರು, ಇನ್ನೊಂದು ಸಲ ಉಜ್ಜಿದರು.

“ಕಾಕೂ, ಬ್ಯಾಲನ್ಸ್ ಕಮೀ ದಾಖವತೋಯ್,” ಎಂದರು. ಖಾತೆಯಲ್ಲಿ ಹಣ ಸಾಲದು ಎಂದು ತೋರಿಸುತ್ತಿದೆಯಂತೆ.

ಇಂದೂ ನಕ್ಕಳು. ಅರವತ್ತೊಂಬತ್ತು ಸಾವಿರದ ಏಳುನೂರು ಇದ್ದ ಖಾತೆ, ಎರಡು ಲೈಸನ್ಸಿನ ಹಣ ಕಡಿತವಾದರೂ ಮಷೀನಿಗೆ ಕಮ್ಮಿಯಾಗುವುದು ಹೇಗೆ? ಫೋನ್ ತೆಗೆದು ನೋಡಿದಳು. ಹನ್ನೊಂದು ಸಾವಿರದ ಮುನ್ನೂರು ಇತ್ತು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಐವತ್ತೆಂಟು ಸಾವಿರದ ನಾಲ್ಕುನೂರು ಯಾರೋ ಎಳೆದುಕೊಂಡಿದ್ದರು.

ನನ್ನ ಕಾಲ ಕೆಳಗಿನ ನೆಲ ಕುಸಿಯಿತು. ಆದರೆ ಬಾಯಿ ಕುಸಿಯಲಿಲ್ಲ. ಆನ್‌ಲೈನ್ ಕಳ್ಳರ ಕೆಲಸ ಇದು, ಕೂಡಲೇ ಪೊಲೀಸರಿಗೆ ಫೋನ್ ಮಾಡಬೇಕು, ಯಾವನಿಗೋ ನೀನೇ ನಂಬರ್ ಹೇಳಿರಬೇಕು ಎಂದು ಹೆಂಡತಿಯನ್ನು ಗದರಿದೆ. ಅಂಗಡಿಗೆ ಬಂದಿದ್ದ ಗಿರಾಕಿಗಳಿಗೂ ಅರ್ಧ ಮರಾಠಿಯಲ್ಲಿ ಎಚ್ಚರಿಕೆಯ ಭಾಷಣ ಮಾಡಿದೆ. ಅಷ್ಟರಲ್ಲಿ ಇಂದೂ ಮೆಸೇಜನ್ನು ಪೂರ್ತಿ ಓದಿ, ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಕಳ್ಳರ ಹೆಸರಿನ ಜಾಗದಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಯ ಹೆಸರಿತ್ತು.

ಗ್ರಾಹಕ ಸೇವೆಗೆ ಫೋನ್ ಹಚ್ಚಿದೆ. ಬೆಂಗಳೂರಿನಿಂದ ಸಾತ್ವಿಕ ಎಂಬವರು ಮಾತಾಡಿದರು. ಸ್ಪೀಕರ್ ಹಾಕು ಎಂದು ಹೆಂಡತಿ ಸನ್ನೆ ಮಾಡಿದಳು.

“ಸರ್, ಹದಿನಾರು ಯೂಸರ್ಸ್, ತಲಾ ಮೂರು ಸಾವಿರದ ಆರುನೂರ ಐವತ್ತು. ಸರಿಯಾಗೇ ಕಟ್ ಆಗಿದೆ.”

“ಅವು ಹದಿನೈದು ದಿವಸದ್ದು ಇದ್ವರೀ.”

“ಇಲ್ಲ ಸರ್, ನೀವು ತಗೊಂಡಿದ್ದು ವರ್ಷದ ಲೈಸನ್ಸೇ. ವರ್ಷದ ಕೊನೇಲಿ ಸೇರಿಸಿದ್ರಿ ಅಂತ, ಆ ವರ್ಷದಲ್ಲಿ ಉಳಿದಿದ್ದ ಹದಿನೈದು ದಿನಕ್ಕೆ ಮಾತ್ರ ದುಡ್ಡು ತಗೊಂಡ್ವಿ. ಇವತ್ತಿಂದ ಹೊಸ ವರ್ಷ ಶುರು. ಎಲ್ಲಾರ್ದೂ ಪೂರ್ತಿ ವರ್ಷದ್ದು.”

“ಹಂಗಾರ ಈಗಿಂದೀಗ ಹದಿನಾಲ್ಕು ಹೆಸರು ತಗೀರಿ. ಇವತ್ತಿನ ಒಂದು ದಿವಸಕ್ಕ ತಲಿಗೆ ಹತ್ತು ರೂಪಾಯಿ ಹಿಡಕೊಂಡು ಉಳದದ್ದು ವಾಪಸ್ ಕೊಡ್ರಿ. ನನಗ ಲೆಕ್ಕಾ ಬರತದ.”

“ದಿನದ ಲೆಕ್ಕ ಸೇರಿಸೋವಾಗ ಮಾತ್ರ ಸರ್, ತೆಗೆಯೋವಾಗ ಇಲ್ಲ. ಕಮ್ಮಿ ಮಾಡೋದಿದ್ರೆ ಮುಂದಿನ ಫೆಬ್ರವರಿ ಒಂದಕ್ಕೇ. ಈ ಸಲದ್ದು ಜನವರಿ ಮೂವತ್ತೊಂದರ ಒಳಗೆ ಹೇಳ್ಬೇಕಿತ್ತು. ಹದಿನೆಂಟನೇ ತಾರೀಖು ನಿಮಗೆ ಮೇಲ್ ಕಳಿಸಿದ್ವಲ್ಲ ಸರ್, ನೋಡ್ಲಿಲ್ವಾ?”

ಮೂವತ್ತೊಂದು ವರ್ಷದ ನನ್ನ ಸರ್ವಿಸಿನಲ್ಲಿ ತಿಂಗಳ ನಡುವೆ ಬಂದವನಿಗೂ ದಿನದ ಲೆಕ್ಕ, ನಡುವೆ ಬಿಟ್ಟುಹೋದವನಿಗೂ ದಿನದ ಲೆಕ್ಕ. ಬರುವಾಗ ಒಂದು ಶಾಸ್ತ್ರ, ಹೋಗುವಾಗ ಒಂದು ಶಾಸ್ತ್ರ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. (ಹೇಳಿದ್ದರು. ಐದನೆಯ ಸಾಲಿನಲ್ಲಿ.)

ಇಂದೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮಷೀನಿನ ಮೇಲೆ ತಾನು ಹಚ್ಚಿದ ಕುಂಕುಮವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

“ತಮ್ಮಾ, ಹೆಸರು ಬದಲಿ ಮಾಡ್ಲಿಕ್ಕೆ ಬರತದೇನು? ಒಬ್ಬರದು ತಗದು ಒಬ್ಬರದು?”

“ಆಗತ್ತೆ ಮೇಡಂ. ಅದಕ್ಕೆ ದುಡ್ಡಿಲ್ಲ.”

“ನಾಗವ್ವ ಅಂತ ಅದ. ಅದನ್ನ ತಗದು ಆಕೀ ಸೊಸಿ ನೀತಾ ಅಂತ ಹಾಕು. ಆಕೀಗೆ ಫೋನ್ ಭಾಳ ಛಂದ ಬರತದ. ಆಮ್ಯಾಲೆ ಶ್ಯಾಮ ಅಂತ ಒಂದದ. ಅಲ್ಲೆ ಸಪ್ನಾ ಅಂತ ಹಾಕು, ಬಾಜೂ ಬಿಲ್ಡಿಂಗಿನಾಕಿ.”

“ಮೇಡಂ, ಶ್ಯಾಮ್ ಅನ್ನೋರು ಅಡ್ಮಿನ್ ಇದ್ದಾರೆ.”

“ಗೊತ್ತದ. ಅಡ್ಮಿನ್ ನನ್ನ ಹೆಸರಿಗೆ ಮಾಡು.”

ದತ್ತುಭಾವು ಸಂಕೋಚದಿಂದಲೇ ಮಷೀನಿನ ಹಾರ ತೆಗೆದು ಬದಿಗಿಟ್ಟರು. ಒಡೆದ ಕಾಯಿಯ ಎರಡೂ ಹೋಳುಗಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಹಡಪಸರದಿಂದ ವಾಕಡದವರೆಗೆ ಬಸ್ಸಿನಲ್ಲಿ ಇಂದೂ ಒಂದೇ ಒಂದು ಮಾತಾಡಿದಳು. “ರೊಕ್ಕಾ ಕೊಟ್ಟಾಗೇದ. ದುಡಿಸಿಕೊಳ್ಳೋಣು.”

ದುಡಿಸಿಕೊಂಡಳು. ಹದಿನಾರೂ ಹೆಂಗಸರು ತಮ್ಮ ತಮ್ಮ ಬಿಲ್ಡಿಂಗಿನ ಆರ್ಡರುಗಳನ್ನು ತಾವೇ ಬರೆಯತೊಡಗಿದರು. ಹತ್ತು ರೊಟ್ಟಿಗೊಂದು ರೊಟ್ಟಿ ಅವರಿಗೆ ಪುಕ್ಕಟೆ. ಮೂರೇ ವಾರದಲ್ಲಿ ನೂರಾ ಇಪ್ಪತ್ತು ಇದ್ದದ್ದು ಮುನ್ನೂರಕ್ಕೆ ಹೋಯಿತು. ಬಡಿಯಲು ಇಬ್ಬರು ಕೆಲಸದ ಬಾಯಂದಿರು ಬಂದರು. ದಿನಕ್ಕೆ ಹನ್ನೆರಡು ಕಿಲೋ ಜೋಳದ ಹಿಟ್ಟನ್ನು ಯಾರು ನಾದಬೇಕು ಎಂಬ ಪ್ರಶ್ನೆ ಮಾತ್ರ ಒಂದು ಬೆಳಿಗ್ಗೆ ಎದ್ದಿತು. ಎಲ್ಲರೂ ನನ್ನ ಕಡೆ ನೋಡಿದರು.

ಅಂದಿನಿಂದ ಬೆಳಿಗ್ಗೆ ಆರಕ್ಕೆ ಎಸರು ಸುರಿದ ಹಿಟ್ಟಿನಲ್ಲಿ ನನ್ನ ಎರಡೂ ಕೈ. ಮಾರ್ಚಿನಲ್ಲಿ ಭುಜ ಹಿಡಿದುಕೊಂಡಿತು. ಆದರೂ ಲೆಕ್ಕ ಬಿಡಲಾದೀತೆ? ಬೆರಳಿಗೆ ಹಿಟ್ಟು ಮೆತ್ತಿಕೊಂಡೇ ಹಾಕಿದೆ. ಈ ವ್ಯಾಪಾರ ಹೀಗೇ ನಡೆದರೆ ಜುಲೈ ಹೊತ್ತಿಗೆ ಅರವತ್ತು ಸಾವಿರ ಮತ್ತೆ ಕೂಡುತ್ತದೆ. ಖುಷಿಯಿಂದ ಹೆಂಡತಿಗೆ ಹೇಳಿದೆ.

“ಹೌದು, ನಾನೂ ನೋಡೇನಿ,” ಎಂದಳು ಇಂದೂ. “ಬರೇ ಬಡಿಯೂ ಮಷೀನ್ ತರೋಣು, ಅದು ಸೋವಿ ಬೀಳತದ.”

“ಮತ್ತ ನಾದೂದು?”

“ಅದು ನಿಮ್ಮ ಹೆಸರಲೆ ಪೂರಾ ವರ್ಷಕ್ಕ ಆಗೇದ. ನಡುವ ತಗೀಲಿಕ್ಕೆ ಬರೂದಿಲ್ಲ. ಬಿಡೂದಿದ್ರ ಜನವರಿ ಮೂವತ್ತೊಂದರ ಒಳಗ ಅರ್ಜಿ ಹಾಕ್ರಿ, ವಿಚಾರ ಮಾಡೋಣು.”

ಅರ್ಜಿಯನ್ನು ಅಂದೇ ಬರೆದಿಟ್ಟೆ. ಕೊಡಲು ಹೋದರೆ, ಕಾಗದದ ಮೇಲೆ ನಡೆಯುವುದಿಲ್ಲವಂತೆ, ಸಾಫ್ಟ್‌ವೇರಿನಲ್ಲೇ ಹಾಕಬೇಕಂತೆ. ಅದಕ್ಕೆ ನನ್ನ ಬಳಿ ಲೈಸನ್ಸ್ ಇಲ್ಲ.