ಕೆಂಪು ಕಾರಿನ ಮೇಲೊಂದು ಅರಿಸಿನದ ಸೂರ್ಯ

ಈ ಸಲದ ನವರಾತ್ರಿಯನ್ನು ಇಡೀ ಅಹಮದಾಬಾದ್ ನೆನಪಿಡಬೇಕು ಎಂದು ಹೇಮಲತಾ ನಿಶ್ಚಯಿಸಿಬಿಟ್ಟಳು. ಅಷ್ಟು ದೊಡ್ಡ ಊರಿಗೆ ಪುರುಸೊತ್ತಿಲ್ಲದಿದ್ದರೆ ಹೋಗಲಿ, ವಸ್ತ್ರಾಪುರದ ತಮ್ಮ ಬಿ ಬ್ಲಾಕಾದರೂ ನೆನಪಿಡಲಿ! ಅದು ತೊಂಬತ್ತಾರನೇ ಇಸವಿ. ಮದುವೆಯಾಗಿ ಬಂದು ಆರು ವರ್ಷವಾಗಿದ್ದರೂ ಒಮ್ಮೆಯೂ ಆಕೆ ಬೊಂಬೆ ಕೂರಿಸಿರಲಿಲ್ಲ. ಬೊಂಬೆಗಳಿಲ್ಲ ಎಂದಲ್ಲ. ತವರಿನಿಂದ ತಂದ ರಾಜ, ರಾಣಿ, ಅವರ ಸಮಸ್ತ ಪರಿವಾರ ಮಂಚದ ಕೆಳಗಿನ ಟ್ರಂಕಿನಲ್ಲಿ ಅಜ್ಞಾತವಾಸ ಮಾಡುತ್ತಿತ್ತು. ಕೂರಿಸಲು ಜಾಗವೇ ಇರಲಿಲ್ಲ. ಎರಡು ಕೋಣೆಯ ಆ ಕ್ವಾರ್ಟರ್ಸಿನ ಗೋಡೆಗಳನ್ನೆಲ್ಲ ಆಕೆಯ ಗಂಡ ವಾಸುದೇವನ ಹಳೇ ಪುಸ್ತಕಗಳು ಆಳುತ್ತಿದ್ದವು.

ವಾಸುದೇವ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಹಗಲೆಲ್ಲ ಮುಂದಿನ ಶತಮಾನದ ಉಪಗ್ರಹಕ್ಕೆ ಸ್ಕ್ರೂ ಬಿಗಿಯುವವನು ರಜೆ ಸಿಕ್ಕಿತೆಂದರೆ ಹಿಂದಿನ ಶತಮಾನಕ್ಕೆ ಓಡಿಹೋಗುತ್ತಿದ್ದ. ಭಾನುವಾರ ಬಂತೆಂದರೆ ಸಾಬರಮತಿ ದಂಡೆಯ ಗುಜರಿ ಬಜಾರು. ತುಕ್ಕು ಬೀಗ, ಕಾಲು ಮುರಿದ ಕುರ್ಚಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು, ಉಷ್ಣ, ಬೆಳಕು, ಆಯಸ್ಕಾಂತ ಎಂದು ನೂರು ವರ್ಷದ ಹಿಂದೆ ಯಾರೋ ಬರೆದಿಟ್ಟದ್ದನ್ನು ಎದೆಗವಚಿಕೊಂಡು ಬರುತ್ತಿದ್ದ. ಜೊತೆಗೆ ಇನ್ನೊಂದು ಹುಚ್ಚು, ಮೋಟಾರು ಕಂಪನಿಗಳು ಕಾರು ಮಾರಲು ಅಚ್ಚು ಹಾಕಿಸುತ್ತಿದ್ದ ಹಳೇ ಕ್ಯಾಟಲಾಗುಗಳು. ಮನೆಯಲ್ಲಿದ್ದದ್ದು ಒಂದು ಸ್ಕೂಟರ್. ಕಪಾಟಿನಲ್ಲಿ ಹನ್ನೊಂದು ಕಂಪನಿಯ ಮೋಟಾರುಗಳು!

ಅವುಗಳ ಪಟ್ಟದರಸಿ ಸೂರತ್ತಿನ ಒಂದು ರದ್ದಿ ಅಂಗಡಿಯಲ್ಲಿ ಸಿಕ್ಕ ೧೯೧೦ರ ಕ್ಯಾಟಲಾಗು. ಅದರ ಹದಿನೇಳನೇ ಪುಟದಲ್ಲಿ ಕೈಯಿಂದ ಬಣ್ಣ ತುಂಬಿದ ಒಂದು ಕೆಂಪು ಕಾರು, ಮೇಲೆ ಖಾಲಿ ಆಕಾಶ. ಚಿತ್ರಕ್ಕೆ ಮುಸುಕು ಹೊದಿಸಿದಂತೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ. ನಾಲ್ಕು ವರ್ಷದ ಅರ್ಚಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಮುಸುಕು ಸರಿಸಿ, "ಇದು ನಮ್ಮ ಕಾರು ಪುಟ್ಟಿ" ಎಂದು ವಾಸುದೇವ ತೋರಿಸುವಾಗ ಹೇಮಲತಾಳಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಅಂಥ ಕಾರನ್ನೂ ಅವನು ಈಗ ಬಿಟ್ಟುಕೊಡಲಿದ್ದ. ಬೆಳಕಿನ ಶಾಸ್ತ್ರದ ಒಂದು ಹಳೇ ಗ್ರಂಥದ ಮೊದಲ ಸಂಪುಟ ಅವನ ಬಳಿ ಇತ್ತು. ಏಳು ವರ್ಷ ಹುಡುಕಿದರೂ ಎರಡನೆಯದು ಸಿಕ್ಕಿರಲಿಲ್ಲ. ಅದು ಇದ್ದದ್ದು ವಡೋದರಾದ ಫತೇಗಂಜಿನಲ್ಲಿ, ಧಾರವಾಡ ಕಡೆಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಶ್ರೀಪಾದರಾಯರ ಮನೆಯಲ್ಲಿ. ಅವರಿಗೋ ಕ್ಯಾಟಲಾಗಿನ ಹುಚ್ಚು. ಕಾರು ಕೊಟ್ಟರೆ ಸಂಪುಟ ಕೊಡುತ್ತೇನೆ ಎಂದು ಕಾಗದ ಬರೆದರು. ವಿಜಯದಶಮಿಯ ಬೆಳಿಗ್ಗೆ ತಾವೇ ಬಂದು ಬದಲಾಯಿಸಿಕೊಳ್ಳುವುದೆಂದು ತೀರ್ಮಾನವಾಯಿತು.

"ಬೊಂಬೆಗೆ ಜಾಗ ಇಲ್ಲದಿದ್ದರೇನಂತೆ, ಈ ಸಲ ನಿಮ್ಮ ಪುಸ್ತಕಗಳನ್ನೇ ಸರಸ್ವತಿ ಅಂತ ಕೂರಿಸ್ತೀನಿ ರೀ!" ಎಂದಳು ಹೇಮಲತಾ.

ವಾಸುದೇವ ಚಹಾದ ಲೋಟ ಕೆಳಗಿಟ್ಟ. "ಹೂವು ಇಡು, ಅದೂ ನೀರು ಒರೆಸಿ. ಅರಿಸಿನ, ಕುಂಕುಮ, ಗಂಧ ಒಂದೂ ಬೇಡ. ಒಂದೇ ಮಾತು ಹೇಮಾ, ನಡೆಸಿಕೊಡ್ತೀಯಾ?"

"ನಾನೇನು ಮಗುವೇ?"

ಸಪ್ತಮಿಯಂದು ಪುಸ್ತಕಗಳು ಮೆಟ್ಟಿಲು ಮೆಟ್ಟಿಲಾಗಿ ಕೂತವು, ಮೇಲೆ ರೇಷ್ಮೆ ವಸ್ತ್ರ. ದಶಮಿಯವರೆಗೆ ಯಾರೂ ಮುಟ್ಟಕೂಡದು, ತೆರೆಯಕೂಡದು, ಓದಕೂಡದು ಎಂದು ಹೇಮಲತಾ ಮನೆತುಂಬ ಕಟ್ಟಪ್ಪಣೆ ಹೊರಡಿಸಿದಳು. ಕಪ್ಪು ಚುಕ್ಕೆಯಿಲ್ಲದೆ ಎರಡು ದಿನ ಕಳೆಯಿತು.

ಮಹಾನವಮಿ ಬಂತು, ಆಯುಧಪೂಜೆ. ಸ್ಕೂಟರಿಗೆ ಬೊಟ್ಟು, ಚಕ್ರದಡಿ ನಿಂಬೆಹಣ್ಣು. ವಾಸುದೇವ ಅದನ್ನು ಚಚ್ಚಿಕೊಂಡು ಆಫೀಸಿಗೆ ಹೋದ. ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ಕೊನೆಗೆ ಗ್ಯಾಸ್ ಲೈಟರಿಗೂ ಅರಿಸಿನ ಕುಂಕುಮದ ಯೋಗ. ಎಲ್ಲ ಮುಗಿಯಿತು ಅನ್ನುವಾಗ ಅರ್ಚಿತಾ ಸೆರಗು ಜಗ್ಗಿದಳು.

"ಮಮ್ಮಿ, ಪಪ್ಪಾನೀ ಕಾರ್‌ಗೆ ಚಾಂದ್ಲೋ ಬಾಕಿ!"

ಬೊಟ್ಟು ಬಾಕಿ! ಹೇಮಲತಾ ನಿಂತಲ್ಲೇ ನಿಂತಳು. ನಾಳೆ ಆ ಕಾರು ಮನೆ ಬಿಟ್ಟು ಹೊರಡುತ್ತದೆ. ಹೆಣ್ಣುಮಗಳನ್ನು ಕಳಿಸುವಾಗ ಹಣೆಗಿಡದೆ ಕಳಿಸುವುದುಂಟೇ? ಅದು ಪುಸ್ತಕ ನಿಜ. ಆದರೆ ಪುಸ್ತಕದೊಳಗಿರುವುದು ವಾಹನವಲ್ಲವೇ? ಗಂಡ ಬೇಡವೆಂದದ್ದು ಸರಸ್ವತಿ ಪೂಜೆಗೆ, ಇದು ಆಯುಧಪೂಜೆ! ಮಾತು ಕೊಟ್ಟವರಿಗೆ ತರ್ಕ ಎಷ್ಟು ಬೇಗ ಒಲಿಯುತ್ತದೆ ನೋಡಿ. ಕುಂಕುಮ ಬೇಡ, ಬರೀ ಅರಿಸಿನ ಎಂದು ಆತ್ಮಸಾಕ್ಷಿಗೆ ಒಂದಿಷ್ಟು ರಿಯಾಯಿತಿ ಕೊಟ್ಟು, ತಾನೇ ಹೊದಿಸಿದ ವಸ್ತ್ರ ತಾನೇ ಸರಿಸಿ ಹದಿನೇಳನೇ ಪುಟ ತೆರೆದಳು. ಚಿತ್ರಕ್ಕಲ್ಲ, ಮೇಲಿನ ತೆಳು ಕಾಗದಕ್ಕೆ, ಕಾರಿನ ಮೂತಿ ಇಲ್ಲೆಲ್ಲೋ ಇರಬೇಕೆಂದು ಅಂದಾಜಿಸಿ, ಕಲಸಿದ ಅರಿಸಿನದ ಒಂದೇ ಒಂದು ಬೊಟ್ಟು.

ಮುಸುಕು ಎತ್ತಿ ನೋಡುತ್ತಾಳೆ, ಅಂದಾಜು ತಪ್ಪಿತ್ತು! ಬೊಟ್ಟು ಕಾಗದವನ್ನು ತೋಯಿಸಿಕೊಂಡು ಕೆಳಗಿಳಿದು, ಕಾರಿನ ಮೇಲಿನ ಖಾಲಿ ಆಕಾಶದಲ್ಲಿ ಎಂಟಾಣೆಯಗಲ ಹಳದಿ ಸೂರ್ಯನಾಗಿ ಉದಯಿಸಿತ್ತು.

"ವಾಹ್!" ಎಂದಳು ಅರ್ಚಿತಾ.

ಹೇಮಲತಾ ಹೂಬತ್ತಿಯನ್ನು ಸೋಪಿನ ನೀರಿಗದ್ದಿ ಮೆಲ್ಲಗೆ ಒತ್ತಿದಳು. ಹಳದಿ ಸೂರ್ಯ ಕಣ್ಣೆದುರೇ ರಕ್ತಗೆಂಪಾದ! ಅರಿಸಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ಅವಳು ಎಂದೋ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿದ್ದಳು. ಬಿ.ಎಸ್ಸಿ. ರಸಾಯನಶಾಸ್ತ್ರ, ಪ್ರಥಮ ದರ್ಜೆ! ಹುಳಿ ಹಾಕಿದರೆ ತಿರುಗುತ್ತದೆ ಎಂಬುದೂ ಈಗ ನೆನಪಾಯಿತು. ಪೂಜೆಗೆ ತಂದದ್ದರಲ್ಲಿ ಉಳಿದ ನಿಂಬೆಹಣ್ಣು ಹಿಂಡಿದಳು. ತಿರುಗಿತು, ಮತ್ತೆ ಹಳದಿ, ಮೊದಲಿಗಿಂತ ಅಗಲ. ಇನ್ನೊಮ್ಮೆ ಸೋಪು, ಇನ್ನೊಮ್ಮೆ ನಿಂಬೆ. ಒಂದೇ ಮಧ್ಯಾಹ್ನದಲ್ಲಿ ೧೯೧೦ರ ಆ ಕಾರು ಮೂರು ಸೂರ್ಯೋದಯ, ಎರಡು ಸೂರ್ಯಾಸ್ತ ಕಂಡಿತು!

ಪಕ್ಕದ ಮನೆಯ ತಾರಾಬೆನ್ ಕೊತ್ತಂಬರಿ ಕೇಳಲು ಬಂದವರು ಬಾಗಿಲಲ್ಲೇ ನಿಂತರು. "ಅರೆ ಹೇಮಾಬೆನ್, ಹಳದರ್‌ನೋ ಡಾಘ್? ತಡ್ಕೆ ಮೂಕೋನೆ! ಧೂಪ್ ಮೇ ರಖೋ, ಅಪನೇ ಆಪ್ ಜಾಯೇಗಾ."

ಅರಿಸಿನದ ಕಲೆಗೆ ಬಿಸಿಲೇ ಮದ್ದು. ಇಷ್ಟು ಹೇಳಲು ಪ್ರಥಮ ದರ್ಜೆ ಬೇಕಾಗಿರಲಿಲ್ಲ. ಹೇಮಲತಾ ತಾರಸಿಗೆ ಓಡಿದಳು. ಯಾರೂ ಮುಟ್ಟಬೇಡಿರೆಂದು ಅಪ್ಪಣೆ ಕೊಟ್ಟ ಪುಸ್ತಕಕ್ಕೆ, ಪುಟ ಗಾಳಿಗೆ ಮಗುಚದಂತೆ, ಎರಡು ಈಳಿಗೆಮಣೆ ಹೇರಿ, ಕಾಗೆ ಕಾಯುತ್ತ ಕೂತಳು. ಬಿಸಿಲಿಳಿಯುವ ಹೊತ್ತಿಗೆ ಸೂರ್ಯ ಅರ್ಧ ಮಾಸಿದ್ದ, ಅರ್ಧ ಇದ್ದ. ಗಂಡನ ಸ್ಕೂಟರಿನ ಸದ್ದಾಯಿತು. ಪುಸ್ತಕ ವಸ್ತ್ರದಡಿ ಸೇರಿತು.

ಆ ಸಂಜೆ ವಾಸುದೇವ ಸಣ್ಣ ಹುಡುಗನಂತಾಗಿದ್ದ. ಕಪಾಟಿನಲ್ಲಿ ಮೊದಲ ಸಂಪುಟದ ಪಕ್ಕ ಒಂದು ಪುಸ್ತಕದಗಲ ಜಾಗ ಬಿಡಿಸಿ, ಧೂಳು ಒರೆಸಿ, ದೂರ ನಿಂತು ನೋಡಿದ. "ನಾಳೆ ಇಷ್ಟು ಹೊತ್ತಿಗೆ ತುಂಬಿರತ್ತೆ ಹೇಮಾ" ಎಂದ. ಆರು ವರ್ಷದಲ್ಲಿ ಅವನು ತನಗೆಂದು ಆಸೆಪಟ್ಟದ್ದು ಆ ಒಂದು ಗೇಣು ಜಾಗ ತುಂಬುವುದನ್ನು ಮಾತ್ರ. ಹೇಳಿಬಿಡಬೇಕೆಂದು ಅವಳು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ "ಇನ್ನೊಂದು ಚಪಾತಿ ಹಾಕಲಾ?" ಎಂದೇ ಬಂತು.

ದಶಮಿಯ ಬೆಳಿಗ್ಗೆ ವಾಸುದೇವ ಊರ ಜನರೊಂದಿಗೆ ಸಾಲಿನಲ್ಲಿ ನಿಂತು ಅಲ್ಲಿನ ದಸರೆಯ ತಿಂಡಿ ಫಾಫ್ಡಾ ಜಿಲೇಬಿ ತಂದ. ಶ್ರೀಪಾದರಾಯರು ವಡೋದರಾ ಗಾಡಿಯಿಂದಿಳಿದು ಬಂದರು: ಬಿಳೀ ಧೋತರ, ಬಗಲಲ್ಲಿ ಬಟ್ಟೆ ಸುತ್ತಿದ ಎರಡನೇ ಸಂಪುಟ.

"ಮುಂಜಾನಿಂದ ಕಾರಿಂದ ಧ್ಯಾನ ನೋಡ್ರಿ ವಾಸುದೇವ. ಹದಿನೇಳನೇ ಹಾಳಿ ಹೆಂಗದ?"

"ನಿನ್ನೆ ಅಚ್ಚಾದ ಹಾಗಿದೆ ಸಾರ್. ಒಂದು ಚುಕ್ಕೆ ಇಲ್ಲ. ನನ್ನ ಮಾತು ನಂಬಿ."

ನನ್ನ ಮಾತು! ಹೇಮಲತಾಳಿಗೆ ಅಲ್ಲೇ ತಡೆಯದಾಯಿತು. ತಾನು ಮುರಿದದ್ದು ತನ್ನ ಮಾತು. ಈಗ ಅವನದೂ ಹೋಗುತ್ತದೆ, ಅದೂ ಅವನಿಗೆ ಗೊತ್ತಿಲ್ಲದೆ. "ರೀ, ಒಂದು ನಿಮಿಷ" ಎಂದಳು. ಹಾಲಿನವನು ಬರದಿದ್ದರಿಂದ ಹಿಡಿದು ಮಗಳ ಹಲ್ಲು ಅಲುಗಿದ್ದರ ತನಕ ಎಲ್ಲವನ್ನೂ ಬರೆದಿಡುವ ತನ್ನ ಡೈರಿಯನ್ನು ತಂದು ಗಂಡನ ಮುಂದೆ ಹಿಡಿದಳು. ಅವನು ಓದಿದ. ಮುಖದ ಬಣ್ಣ ಇಳಿಯಿತು. ವಸ್ತ್ರ ಸರಿಸಿ ಹದಿನೇಳನೇ ಪುಟವನ್ನು ಕಿಟಕಿಗೆ ಹಿಡಿದ.

"ನಾನು ಒಂದೇ ಮಾತು ಕೇಳಿದ್ದೆ ಹೇಮಾ."

ಅಷ್ಟೇ ಅಂದ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

ರಾಯರು ಕನ್ನಡಕ ಏರಿಸಿಕೊಂಡು ಡೈರಿ ಎಳೆದುಕೊಂಡರು, ದೊಡ್ಡ ದನಿಯಲ್ಲಿ ಓದತೊಡಗಿದರು. "ಎರಡೂ ಹತ್ತು. ಸೋಪು. ಕೆಂಪಾಯಿತು. ದೇವರೇ. ಎರಡೂ ಇಪ್ಪತ್ತೈದು. ನಿಂಬೆ. ಹಳದಿ. ಬುದ್ಧಿ ಬರಲಿಲ್ಲ, ಮತ್ತೆ ಸೋಪು. ಎರಡೂ ಮುಕ್ಕಾಲು. ಮತ್ತೆ ನಿಂಬೆ. ಕಲೆ ಅಗಲವಾಗಿದೆ, ನಾನು ಕಿರಿದಾಗಿದ್ದೇನೆ. ಮೂರರಿಂದ ಐದೂವರೆ, ಬಿಸಿಲು. ಅರ್ಧ ಹೋಗಿದೆ. ಇವರು ಬಂದರು. ಹೇಳಲಿಲ್ಲ."

ಡೈರಿ ಮುಚ್ಚಿದರು. "ತಂಗಿ, ಇದನ್ನ ನೀನs ಬರದಿಯೇನು?"

"ಹೂಂ... ಕ್ಷಮಿಸಿ ಸಾರ್."

"ಕ್ಷಮಾ ಯಾತಕ್ಕ? ನಲವತ್ತು ವರ್ಷ ಪ್ರಾಕ್ಟಿಕಲ್ ತಿದ್ದೇನಿ. ಬಂದದ್ದು ಬಂದಂಗ ಬರದವರು ಒಬ್ಬರೂ ಇಲ್ಲ. ಎಲ್ಲಾ ಪುಸ್ತಕಾ ನೋಡಿ ಉತ್ತರಾ ಬರದವರs!" ರಾಯರು ಪುಟವನ್ನು ಮತ್ತೊಮ್ಮೆ ನೋಡಿದರು. "ಆದ್ರ ಈ ಹಾಳಿ ಹಿಂಗ ನನಗ ನಡಿಯೂದಿಲ್ಲ. ಅದೂ ಖರೆ."

ಕಪಾಟಿನ ಖಾಲಿ ಜಾಗದ ಕಡೆ ನೋಡುವ ಧೈರ್ಯ ಹೇಮಲತಾಳಿಗಿರಲಿಲ್ಲ.

"ಪ್ರಯೋಗ ಅರ್ಧಾ ಆಗೇದ. ಅರ್ಧಾ ಬಿಡಬಾರ್ದು" ಎಂದರು ರಾಯರು. "ನಮ್ಮ ಮನಿ ಮಾಳಿಗಿ ಮ್ಯಾಲೆ ಬಿಸಲಿಗೇನು ಬರಾ ಇಲ್ಲ. ನಾ ಇದನ್ನ ಒಯ್ದು ಮುಗಸ್ತೀನಿ. ಕಲಿ ಹೋತಂದ್ರ ಕಾರು ನಂದು, ಸಂಪುಟ ನಿಮ್ಮದು. ಹೋಗಲಿಲ್ಲಂದ್ರ ಎರಡೂ ತಿರಗಿ ಅವರವರ ಮನಿಗೆ. ಅಲ್ಲೀ ತನಕಾ ಸಂಪುಟ ಇಲ್ಲೇ ಇರ್ಲಿ." ಎಂದವರೇ ಜಿಲೇಬಿಗೆ ಕೈ ಹಾಕಿದರು.

ವಾಸುದೇವ ಸಂಪುಟವನ್ನು ಕಪಾಟಿನಲ್ಲಿಡಲಿಲ್ಲ, ಮೇಜಿನ ಮೇಲೆ ನೆಂಟರಂತೆ ಕೂರಿಸಿದ್ದ. ದೀಪ ಹಚ್ಚುವ ಹೊತ್ತಿಗೆ ಕೇಳಿದ: "ಅಲ್ವೇ, ಒಂದು ಸಲ ಕೆಂಪಾಯ್ತು ಸರಿ. ಎರಡನೇ ಸಲ ಮತ್ತೆ ಸೋಪು ಯಾಕೆ ಹಾಕಿದೆ?"

"ಮೊದಲನೇ ಸಲ ನನ್ನ ಕಣ್ಣೇ ತಪ್ಪಾಗಿರಬಹುದು ಅಂತ."

ಅವನು ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಕ್ಕ. ಅವಳು ನಗುತ್ತಲೇ ಅತ್ತಳು.

ಅಲ್ಲಿಂದ ಹೇಮಲತಾ ದಿನವೂ ಆಕಾಶ ನೋಡಿ ಏಳುತ್ತಿದ್ದಳು. ಇಲ್ಲಿ ಮೋಡ ಕವಿದರೆ ವಡೋದರಾದಲ್ಲೂ ಕವಿದಿರಬಹುದೇ ಎಂಬ ಆತಂಕ. ಹನ್ನೆರಡನೇ ದಿನ ಅಂಚೆಕಾರ್ಡು ಬಂತು. ವಾಸುದೇವ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ನೀನೇ ಓದು, ನಿನ್ನ ಪ್ರಯೋಗ" ಎಂದ. ಹೇಮಲತಾ ಗಂಟಲು ಸರಿಮಾಡಿಕೊಂಡು ಓದಿದಳು:

"ಚಿ. ವಾಸುದೇವನಿಗೆ ಆಶೀರ್ವಾದಗಳು. ಒಂಬತ್ತನೆಯ ದಿನ ಕಲೆ ಪೂರ್ತಿ ಹೋಯಿತು. ಸಂಪುಟ ಇನ್ನು ನಿಮ್ಮದು, ಕಪಾಟಿನಲ್ಲಿ ಇಡತಕ್ಕದ್ದು. ಆದರೆ ಕಲೆಯ ಕೂಡ ಕಾರಿನ ಕೆಂಪೂ ಪೂರ್ತಿ ಹೋಗಿ ಈಗ ಅದು ಬಿಳೀ ಕಾರಾಗಿದೆ. ತಪ್ಪು ನನ್ನದು, ಬಿಸಿಲಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿಕೊಡಲು ಮರೆತೆ. ಕಾರಿಗೆ ಮೊದಲಿನಂತೆ ಕೆಂಪು ಬರಬೇಕಾದರೆ ಅರಿಸಿನ ಎಷ್ಟು, ಸೋಪು ಎಷ್ಟು ಎಂಬುದನ್ನು ಚಿ. ಸೌ. ಹೇಮಲತಾ ಅವರನ್ನು ಕೇಳಿ ಕೂಡಲೇ ತಿಳಿಸಬೇಕು."